ಗೆಳೆಯ ಮಂಗಳಗ್ರಹಕ್ಕೆ ಹೋದ, ನಾನು ಇಳಕಲ್ಲಿನಲ್ಲೇ ಉಳಿದೆ

ಪುಸ್ತಕ ಬರೆದವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಪಕ್ಕದೂರಿನ ಗೆಳೆಯನೂ ಪುಸ್ತಕ ಬರೆದಿದ್ದರೆ ವಾರಕ್ಕೊಂದರಂತೆ ಆಗುತ್ತವೆ.

ಇಪ್ಪತ್ತನೆಯ ಶತಮಾನ ಇನ್ನೂ ಅಂಬೆಗಾಲಿಡುತ್ತಿದ್ದಾಗಿನ ಮಾತು. ನಾನು ಇಳಕಲ್ಲಿನ ಕನ್ನಡ ಸಾಲಿಯ ಮಾಸ್ತರ. ನೂರು ನೀತಿಪದ್ಯಗಳನ್ನು ಬರೆದು, ಗಟ್ಟಿ ರಟ್ಟು ಹಾಕಿಸಿ, ಅಚ್ಚು ಮಾಡಿಸಿದ್ದೆ. ನಮ್ಮೂರ ವಾಚನಾಲಯದಲ್ಲಿ ರವಿವಾರ ಸಂಜೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೂತು ಕೇಳುವುದು ರೂಢಿ. ಎರಡು ರವಿವಾರ ನನ್ನ ಪದ್ಯಗಳನ್ನು ಓದಿದರು. ಕೇಳುವವರಲ್ಲಿ ಕೆಲವರು ಎಚ್ಚರವಾಗಿಯೂ ಇದ್ದರು. ಮೂರನೆಯ ರವಿವಾರದ ಹೊತ್ತಿಗೆ ಕಮತಗಿಯಿಂದ ಒಂದು ಕಟ್ಟು ಬಂತು.

ಕಳಿಸಿದವನು ಅಲ್ಲಿನ ಸಾಲಿ ಮಾಸ್ತರ. ಧಾರವಾಡದಲ್ಲಿ ಕಲಿಯುವಾಗ ನನ್ನ ಪಕ್ಕದಲ್ಲಿ ಕೂತು ನನ್ನ ಗಣಿತ ನೋಡಿ ಬರೆದವನು. ಅವನೊಂದು ಕಾದಂಬರಿ ಬರೆದಿದ್ದ. ಸರದಾರನ ಮಗನೊಬ್ಬ ಅರಿವೆಯ ಆಕಾಶನೌಕೆ ಮಾಡಿಸಿ, ಮಂಗಳಗ್ರಹಕ್ಕೆ ಹಾರಿ, ಅಲ್ಲಿ ಸೆರೆಯಲ್ಲಿರುವ ಹುಡುಗಿಯೊಬ್ಬಳಿಗಾಗಿ ಹಲ್ಲಿಮೋರೆಯ ರಾಜನೊಡನೆ ಕಾದಾಡುವ ಕಥೆ. ರವಿವಾರದ ಓದಿಗೆ ನನ್ನ ಪದ್ಯ ಹೋಗಿ ಅದು ಬಂತು. ಭಾಗದ ಮೇಲೆ ಭಾಗ ಬರುತ್ತಿತ್ತು, ಮುಗಿಯುವ ಲಕ್ಷಣ ಇರಲಿಲ್ಲ. ಬರೆದವನು ಬಾಗಲಕೋಟೆಯಲ್ಲಿ ರೈಲು ಹತ್ತಿದ್ದು ಜನ್ಮದಲ್ಲಿ ಎರಡು ಸಲ. ಎರಡೂ ಸಲ ತಲೆ ತಿರುಗಿ ಕೂಡುವ ಬಾಕಿನ ಮೇಲೆಯೇ ಮಲಗಿಬಿಟ್ಟಿದ್ದ.

ನನಗೆ ಹೊಟ್ಟೆಕಿಚ್ಚಾಗಲಿಲ್ಲ. ನನ್ನ ರವಿವಾರ ನನಗೆ ಮರಳಿ ಬರಬೇಕು ಎಂಬುದಷ್ಟೇ ನನ್ನ ಕೇಳಿಕೆಯಾಗಿತ್ತು. ಅದಕ್ಕಾಗಿ ಆ ಪುಸ್ತಕ ಸರಿಯಿಲ್ಲ ಎನ್ನುವ ನಾಲ್ಕು ಜನ ಬೇಕಾಗಿದ್ದರು. ಅವರನ್ನು ಹುಡುಕುತ್ತ ಹೊರಟೆ.

ಮಗ್ಗದ ಮನೆಯಲ್ಲಿ

ಒಂದು ಮಧ್ಯಾಹ್ನ ನೇಕಾರರ ಓಣಿಯಲ್ಲಿ ಹಾದುಹೋಗುತ್ತಿದ್ದೆ. ಮಗ್ಗದ ಸದ್ದೇ ಇಲ್ಲ. ಆ ಓಣಿಯಲ್ಲಿ ಹಗಲು ಹೊತ್ತು ಮಗ್ಗ ನಿಂತಿವೆಯೆಂದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಗಾಬರಿಯಿಂದ ಒಳಗೆ ಹೋದೆ.

"ಯಾರು ಹೋದರಪಾ?" ಎಂದೆ.

"ಇನ್ನೂ ಯಾರೂ ಹೋಗಿಲ್ರಿ ಮಾಸ್ತರ. ಹೊಂಟು ನಿಂತಾರ. ನೌಕಾಕ್ಕ ಗಾಳಿ ತುಂಬಾಕತ್ತಾರ," ಎಂದು ಒಬ್ಬ ಪುಸ್ತಕದಿಂದ ತಲೆಯೆತ್ತದೆ ಹೇಳಿದ.

ಹತ್ತು ಮಂದಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೇಳುತ್ತಿದ್ದರು. ನಾನು ನಿಂತಿದ್ದಂತೆಯೇ ಜಗಳ ಹತ್ತಿತು. ಕಾದಂಬರಿಯಲ್ಲಿ ನೌಕೆಯ ಅರಿವೆಯನ್ನು ನಲವತ್ತು ದರ್ಜಿಗಳು ಸೂಜಿಯಿಂದ ಹೊಲಿದರೆಂದು ಬರೆದಿತ್ತು. ನಮ್ಮೂರಲ್ಲಿ ಸೀರೆಯ ಮೈಯ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಸೂಜಿ ಹತ್ತಿರ ಬರುವುದಿಲ್ಲ.

ಮುದುಕ ನೇಕಾರನೊಬ್ಬ ಸಿಟ್ಟಾಗಿದ್ದ. "ಸೂಜಿಲೆ ತೂತು ಹೊಡದ ಅರಿವಿ ಗಾಳಿ ಹಿಡಿತೈತೇನ್ಲೇ? ಬದಾಮಿ ದಾಟೂದ್ರಾಗ ಹರೀತೈತಿ. ಕೊಂಡಿ ಹಾಕಬೇಕು."

"ಕಾಕಾ, ಅದೇನ್ ಸೆರಗೇನೋ? ಹೊಲದದ್ದ ಗಟ್ಟಿ," ಎಂದ ಒಬ್ಬ ಹುರುಪಿನವನು.

"ಸೀರಿ ನೇಯೂದು ಬಿಟ್ಟು ಕೌದಿ ಹೊಲಿ ಹೋಗಲೇ ನೀ!"

ಹತ್ತು ಮಂದಿ ಐದೈದಾಗಿ ಒಡೆದರು. ನನಗೆ ಬಹಳ ಸಂತೋಷವಾಯಿತು. "ಇಂಥ ತಪ್ಪನ್ನ ಬರದವರಿಗೆ ತಿಳಿಸಲೇಬೇಕು," ಎಂದು ಅಲ್ಲೇ ಕೂತು, ಮುದುಕ ಹೇಳಿದಂತೆ, ಕೊಂಡಿ ಹಾಕುವ ಕ್ರಮವನ್ನೆಲ್ಲ ನನ್ನ ಚೆಂದದ ಅಕ್ಷರದಲ್ಲಿ ಬರೆದು ಕಮತಗಿಗೆ ಕಳಿಸಿದೆ. ಅವನಿಗೆ ಮುಖಭಂಗವಾಗಲಿ ಎಂದಲ್ಲ. ಆದರೆ ಆಗಲಿ ಎಂದು.

ಮುಂದಿನ ಭಾಗ ಬಂತು. ಅದರಲ್ಲಿ ನೌಕೆ ಆಕಾಶದಲ್ಲಿ ಹೊಲಿಗೆ ಬಿಚ್ಚಿ ಇನ್ನೇನು ಬೀಳಬೇಕು, ಅಷ್ಟರಲ್ಲಿ ಸರದಾರನ ಮಗ ನೌಕೆಯಲ್ಲಿದ್ದ ಇಳಕಲ್ಲಿನ ಮುದುಕ ನೇಕಾರನೊಬ್ಬನನ್ನು ಕರೆಯುತ್ತಾನೆ. ಅವನು ಕೊಂಡಿ ಹಾಕಿ ಎಲ್ಲರ ಜೀವ ಉಳಿಸುತ್ತಾನೆ. ಆ ಪ್ರಸಂಗವಷ್ಟನ್ನೂ ನನ್ನ ಪತ್ರದಿಂದ ಅಕ್ಷರ ಬಿಡದೆ ಇಳಿಸಿದ್ದ. ಗಣಿತದಲ್ಲಿಯೂ ಹಾಗೆಯೇ ಮಾಡುತ್ತಿದ್ದ.

ಓಣಿಯೆಲ್ಲ ಅವನ ಕಡೆಯಾಯಿತು. ಮುದುಕ ನನ್ನನ್ನು ನಿಲ್ಲಿಸಿ ಸಮಾಧಾನ ಹೇಳಿದ: "ಮಾಸ್ತರ, ನಿಮ್ಮ ಪುಸ್ತಕದಾಗ ನಾವು ತಪ್ಪ ತಗಿಯುವಂಥಾದ್ದು ಏನೂ ಇಲ್ರಿ."

"ಹೌದಲ್ಲ!" ಎಂದೆ ಹಿಗ್ಗಿ.

"ಅದಕ್ಕ ಮುಂದ ಓದಲಿಲ್ರಿ."

ಹುನಗುಂದದ ವಿರೋಧಿ

ಹುನಗುಂದದಲ್ಲಿ ಅತ್ತರು ಮಾರುವ ಸಾಹೇಬರೊಬ್ಬರಿದ್ದರು. ಓದಿದವರು, ಮಾತು ಕಮ್ಮಿ. ಅವರು ಆ ಕಾದಂಬರಿಯನ್ನು ಬೈಯುತ್ತಾರೆಂದು ಕೇಳಿ, ಸಾಲಿಗೆ ಸೂಟಿ ಇದ್ದ ದಿನ ಚಕ್ಕಡಿ ಹತ್ತಿ ಹೋದೆ.

"ಏನ್ ಪುಸ್ತಕಾರಿ ಅದು!" ಎಂದರು ಸಾಹೇಬರು. "ಆರು ಭಾಗ ಓದೇನಿ. ಅಷ್ಟು ಮಂದಿ ನೌಕಾದಾಗ ಕುಂತಾರ, ಇಳದಾರ, ಬಡದಾಡ್ಯಾರ. ಒಬ್ಬರೂ ಒಂದ ತುತ್ತು ಊಟಾ ಮಾಡಿಲ್ಲ. ಬುತ್ತಿ ಕಟ್ಟಿಕೊಂಡಿದ್ದಂತೂ ಮೊದಲನೇ ಭಾಗದಾಗ ಐತಿ. ಬಿಚ್ಚಿದ್ದು ಎಲ್ಲೂ ಇಲ್ಲ. ಇವಗ ಬರಿಯಾಕ ಬರೂದಿಲ್ರಿ."

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವಿಚಾರವಂತ ಓದುಗರು ಹುನಗುಂದದಲ್ಲಿ ಇರುತ್ತಾರೆಂದು ನಾನು ತಿಳಿದಿರಲಿಲ್ಲ. ಕೈ ಹಿಡಿದುಕೊಂಡು, "ಹಂಗಾದ್ರ ಏಳನೇ ಭಾಗ ಬಂದ್ರ ನೀವು ಮುಟ್ಟೂದಿಲ್ಲ, ಹೌದಿಲ್ರಿ?" ಎಂದೆ.

ಸಾಹೇಬರು ಕೈ ಬಿಡಿಸಿಕೊಂಡರು. "ಏಳನೇದು ಬಂತೇನ್ರಿ? ಕೊಡ್ರಿ ಇಲ್ಲೆ. ಬುತ್ತಿ ಬಿಚ್ಚತಾರೇನ ನೋಡೂಣು."

ಮನೆಯವಳ ಓದು

ಪರರನ್ನು ನೆಚ್ಚುವುದಕ್ಕಿಂತ ಮನೆಯವರನ್ನು ನೆಚ್ಚುವುದು ಲೇಸು. ಈ ಅರ್ಥದ ಪದ್ಯ ನನ್ನ ಪುಸ್ತಕದಲ್ಲಿಯೇ ಇದೆ.

ಒಂದು ದಿನ ಸಾಲಿ ಬಿಟ್ಟು ಮನೆಗೆ ಬಂದರೆ ರೊಟ್ಟಿ ಹೊತ್ತಿದ ವಾಸನೆ. ಒಲೆಯ ಮುಂದೆ ನನ್ನ ಹೆಂಡತಿ ನನ್ನ ಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಓದುತ್ತಿದ್ದಾಳೆ. ಗಟ್ಟಿ ರಟ್ಟು, ಮೇಲೆ ನನ್ನ ಹೆಸರು. ಅವಳ ಗಲ್ಲದ ಮೇಲೆ ಕಣ್ಣೀರು. ಅವಳಿಗೆ ಅಕ್ಷರ ಕಲಿಸಿದ್ದು ಸಾರ್ಥಕವಾಯಿತು ಎನಿಸಿತು. ರೊಟ್ಟಿ ಸುಟ್ಟಿದ್ದಕ್ಕೆ ನಾನು ಏನೂ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ನೋಡಿದೆ. ಹಾಳೆ ತಿರುವಿದಳು, ಎದೆಯ ಮೇಲೆ ಕೈ ಇಟ್ಟುಕೊಂಡಳು, "ಶಿವನ" ಎಂದಳು.

ನಾನು ಮೆಲ್ಲಗೆ ಕೇಳಿದೆ, "ಯಾವ ಪದ್ಯ? ದಾನದ್ದೋ, ತಾಳ್ಮಿದ್ದೋ?"

ಅವಳು ಬೆಚ್ಚಿ ಪುಸ್ತಕ ಮುಚ್ಚಿದಳು. ಮುಚ್ಚಿದಾಗ ಒಳಗಿನದು ರಟ್ಟಿಗಿಂತ ದಪ್ಪವಾಗಿ ಹೊರಗೆ ಇಣುಕಿತು. ನನ್ನದು ಅಷ್ಟು ದಪ್ಪ ಇರಲಿಲ್ಲ.

"ತಪ್ಪ ತಿಳೀಬ್ಯಾಡ್ರಿ," ಎಂದಳು. "ಕಮತಗಿ ಮಾಸ್ತರ್ದು ಐದನೇ ಭಾಗ. ಹತ್ತು ಮನಿ ತಿರುಗಿ ಹಾಳಿ ಎಲ್ಲಾ ಬಿಚ್ಚಿ ಹೋಗಿದ್ವು. ನಿಮ್ಮ ಪುಸ್ತಕದ ರಟ್ಟು ಭಾಳ ಗಟ್ಟಿ ಐತಲ್ರಿ, ಅದಕ್ಕ ಹಾಕೇನಿ."

"ಮತ್ತ ನನ್ನ ಪದ್ಯ?"

"ಅವು ಜ್ವಾಕಿಲೆ ಅದಾವ್ರಿ. ಒಂದ ಹಾಳಿಗೂ ಕೈ ಹತ್ತಿಲ್ಲ."

ಬದಾಮಿಯ ಶಾಸ್ತ್ರ

ಜನರ ಅಭಿಪ್ರಾಯ ಇಬ್ಭಾಗವಾದಾಗ ಶಾಸ್ತ್ರವನ್ನು ಕೇಳಬೇಕು. ಬದಾಮಿಯಲ್ಲಿ ಪಂಚಾಂಗ ನೋಡುವ ಹಿರಿಯರೊಬ್ಬರಿದ್ದರು. ಗ್ರಹವೆಂದರೆ ಪೂಜೆಯ ವಸ್ತು, ಅಲ್ಲಿಗೆ ಜೋಡು ಮೆಟ್ಟಿಕೊಂಡು ಹೋಗುವುದು ದೋಷ ಎಂದು ಅವರಿಂದ ಎರಡು ಸಾಲು ಬರೆಸಿಕೊಂಡರೆ ಸಾಕಿತ್ತು.

"ಕಥಿ ಏನದ ಮೊದಲ ಹೇಳ್ರಿ," ಎಂದರು ಶಾಸ್ತ್ರಿಗಳು.

ಹೇಳತೊಡಗಿದೆ. ಅವರು ನಡುನಡುವೆ "ಛೇ", "ಹಿಂಗೂ ಉಂಟೇ" ಎನ್ನುತ್ತಿದ್ದರು. ನನ್ನ ಉತ್ಸಾಹ ಏರಿತು. ಎಂಟು ಭಾಗಗಳ ಸಮಸ್ತ ಅನಾಚಾರಗಳನ್ನೂ ಹಲ್ಲಿಮೋರೆಯ ರಾಜನ ದನಿ ಮಾಡಿಯೇ ಹೇಳಿದೆ. ಒಳಗಿನಿಂದ ಹೆಣ್ಣುಮಕ್ಕಳೂ ಬಂದು ಬಾಗಿಲಲ್ಲಿ ಕೂತರು. ಊಟದ ಹೊತ್ತು ಮೀರಿತು.

ಮುಗಿದ ಮೇಲೆ ಶಾಸ್ತ್ರಿಗಳು ಪಂಚಾಂಗ ತೆಗೆದು ಬಹಳ ಹೊತ್ತು ನೋಡಿದರು. "ಯಾವ ವಾರ ಹೊರಟಾರ ಅಂದ್ರಿ?"

"ಮಂಗಳವಾರ."

"ಮಂಗಳವಾರ ಉತ್ತರ ದಿಕ್ಕಿಗೆ ಶೂಲ ಅದ. ಹೊರಡಬಾರದು."

"ಬರದು ಕೊಡ್ರಿ!" ಎಂದೆ.

"ತಡೀರಿ. ಇವರು ಹೋಗಿದ್ದು ಮ್ಯಾಲಕ್ಕ. ಶೂಲ ಹೇಳಿದ್ದು ದಿಕ್ಕಿಗೆ. ಮ್ಯಾಲಕ್ಕ ಹೇಳಿಲ್ಲ. ದೋಷ ಇಲ್ಲ." ಪಂಚಾಂಗ ಮುಚ್ಚಿ, ನನ್ನನ್ನು ಬಾಗಿಲ ತನಕ ಕಳಿಸಲು ಬಂದರು. "ಎಷ್ಟು ಛಲೋ ಬರೀತೀರಿ, ಮಾಸ್ತರ. ಒಂಬತ್ತನೇ ಭಾಗ ಬರದ ಕೂಡಲೇ ಬಂದು ಹೇಳ್ರಿ."

ಪಕ್ಷ ಮತ್ತು ಪ್ರತಿಪಕ್ಷ

ಕಡೆಗೆ ವಾಚನಾಲಯದಲ್ಲಿಯೇ ಸಭೆ ಕೂಡಿಸಿದೆ. ಪ್ರಶ್ನೆ ಒಂದೇ: ರವಿವಾರದ ಓದಿಗೆ ಆ ಕಾದಂಬರಿ ಮುಂದುವರಿಯಬೇಕೋ, ನನ್ನ ಪದ್ಯಗಳು ಮರಳಿ ಬರಬೇಕೋ. ಕಮತಗಿಯಿಂದ ಬರೆದವನನ್ನೂ ಕರೆಸಿದೆವು. ಬೇಕೆನ್ನುವವರು ಎಡಕ್ಕೆ ಕೂತರು, ಬೇಡೆನ್ನುವವರು ಬಲಕ್ಕೆ. ಬಲಕ್ಕೆ ಜನ ಕಡಿಮೆ ಇರಲಿಲ್ಲ. ಉದ್ದವಾಯಿತೆನ್ನುವವರು, ಸುಳ್ಳೆನ್ನುವವರು, ಮಕ್ಕಳು ಮಾಳಿಗೆಯಿಂದ ಹಾರುತ್ತಿದ್ದಾರೆನ್ನುವವರು, ಎಲ್ಲರೂ ಇದ್ದರು. ಕೊಂಡಿಯ ಮಾತು ತೆಗೆದಿದ್ದ ಮುದುಕ ನೇಕಾರ ಎಡಕ್ಕೆ ಮುಂದಿನ ಸಾಲಿನಲ್ಲಿಯೇ ಕೂತಿದ್ದ.

ಬಲದ ಪರವಾಗಿ ನಾನು ಎದ್ದೆ. ಎರಡನೆಯ ಭಾಗದಲ್ಲಿ ಮುರಿದ ಕತ್ತಿ ಐದನೆಯದರಲ್ಲಿ ಇಡಿಯಾಗಿದೆ. ಹಲ್ಲಿಮೋರೆಯ ರಾಜ ಮೂರು ಸಲ ಸತ್ತು ನಾಲ್ಕು ಸಲ ಬದುಕಿದ್ದಾನೆ. ಆರನೆಯ ಭಾಗದಲ್ಲಿ ಒಂದೇ ದಿನ ಎರಡು ಸಲ ಸೂರ್ಯ ಮುಳುಗುತ್ತಾನೆ. ಪುಟ ಸಮೇತ ಹೇಳಿದೆ. ಎಡದವರು ತಲೆ ತಗ್ಗಿಸಿದರು. ಅವರಲ್ಲಿ ಎಂಟೂ ಭಾಗ ಇಷ್ಟು ಚೆನ್ನಾಗಿ ಓದಿದವರು ಒಬ್ಬರೂ ಇರಲಿಲ್ಲ.

ಬರೆದವನು ಕೈ ಮುಗಿದು ಎದ್ದ. "ನನ್ನ ಗೆಳೆಯಾ ಹೇಳಿದ್ದು ಖರೆ ಐತಿ," ಎಂದ. "ಇಷ್ಟು ಮಂದಿಗೆ ಬ್ಯಾಸರ ಮಾಡಿ ಬರಿಯೂದು ಬ್ಯಾಡ. ಇಲ್ಲಿಗೇ ನಿಲ್ಲಸ್ತೇನಿ. ಬರೂ ರವಿವಾರದಿಂದ ಇವನ ಪದ್ಯ ಓದ್ರಿ."

ನಾನು ಗೆದ್ದಿದ್ದೆ. ರುಮಾಲು ಸರಿಮಾಡಿಕೊಂಡು ಕೂಡಬೇಕು, ಅಷ್ಟರಲ್ಲಿ ಯಾರೋ ಒದರಿದ್ದು ಕೇಳಿಸಿತು:

"ಲೇ, ನಿಲ್ಲಸ್ತೇನಿ ಅಂದ್ರ ಹೆಂಗೋ? ಎಂಟನೇ ಭಾಗದ ಕಡೀ ಪುಟದಾಗ ಆ ಹುಡುಗಿನ್ನ ಬಾವ್ಯಾಗ ಜೋತು ಬಿಟ್ಟೀದಿ! ಹಲ್ಲಿಮೋತಿಯವ ಹಗ್ಗಾ ಕೊಯ್ಯಾಕತ್ಯಾನ! ಆಕಿ ಗತಿ ಏನು?"

ಒದರಿದವನು ನಾನು.

ಬರೆದವನು ತಲೆ ಕೆರೆದುಕೊಂಡ. "ಖರೆ ಹೇಳಬೇಕಂದ್ರ ಆಕಿನ್ನ ಮ್ಯಾಲೆ ಹೆಂಗ ತರಬೇಕು ಅಂತ ನನಗ ತಿಳೀವಲ್ದೋ ಮಾರಾಯ. ಒಂದ ತಿಂಗಳಾತು, ಹಗ್ಗಾ ಹಿಡಕೊಂಡ ಕುಂತೇನಿ. ನಿನಗೇನರ ಹೊಳೀತೇನು?"

ಇಂಥ ಹೊತ್ತಿನಲ್ಲಿ ಹಿಂದೆ ಸರಿಯುವವನಲ್ಲ ನಾನು. "ಯಾಕ ಹೊಳಿಯೂದಿಲ್ಲ?" ಎಂದೆ. "ಹುಡುಗಿ ಜೋತಾಡಕೋಂತ ನನ್ನ ದಯಾ ಪ್ರಕರಣದ ಹನ್ನೆರಡು ಪದ್ಯಾ ಹಾಡ್ಲಿ. ಕೇಳಿ ಅವನ ಮನಸ ಕರಗತೈತಿ. ಕತ್ತಿ ಒಗದು, ಹಗ್ಗಾ ಜಗ್ಗಿ, ತಂಗೀ ಅಂತ ಮ್ಯಾಲೆ ತಗೋತಾನ."

ಎಡದವರು ಬಲದವರ ಮುಖ ನೋಡಿದರು, ಬಲದವರು ಎಡದವರದು. ಮುದುಕ ನೇಕಾರ ಮೆಲ್ಲಗೆ ಎದ್ದು ನಿಂತ.

"ಹನ್ನೆರಡೂ ಪದ್ಯಾನ್ರಿ, ಮಾಸ್ತರ?"

"ಹನ್ನೆರಡೂ."

"ಹಂಗಾದ್ರ ಹಗ್ಗಾ ಹರೀಲಿ ಬಿಡ್ರಿ," ಎಂದ.

ಎರಡೂ ಕಡೆಯವರು ಒಟ್ಟಿಗೆ ಕೈ ಎತ್ತಿದರು. ಆ ಪುಸ್ತಕದ ವಿಷಯದಲ್ಲಿ ನಮ್ಮೂರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.