ಹಿಡಿದದ್ದನ್ನು ಬಿಡುವ ಶಕ್ತಿ

ಕರಡು ತಿದ್ದುವವರಿಗೆ ಒಂದೇ ಧರ್ಮ: ಅಕ್ಷರ ನೋಡಬೇಕು, ಅರ್ಥ ನೋಡಬಾರದು. ಇಪ್ಪತ್ತಾರು ವರ್ಷ ಈ ವ್ರತವನ್ನು ಕೆಡದಂತೆ ಪಾಲಿಸಿದ್ದ ಅಲ್ಪವಿರಾಮರು (ನಾಲ್ಕು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುವ ಅವರಿಗೆ ಮುದ್ರಣಾಲಯದವರು ಇಟ್ಟ ಹೆಸರು) ಮೊನ್ನೆ ಶನಿವಾರ ಎಡವಿದರು. ವಿಜ್ಞಾನದ ಪಠ್ಯವೊಂದರಲ್ಲಿ 'ಸ್ನಾಯು' ಎಂದಿರಬೇಕಾದ ಕಡೆ 'ಸಾಯು' ಎಂದು ಅಚ್ಚಾಗಿತ್ತು. ತಿದ್ದಲು ಹೋಗಿ ಸುತ್ತಲಿನ ಸಾಲುಗಳನ್ನೂ ಓದಿಬಿಟ್ಟರು. ಓದಿದ್ದು ಅರ್ಥವೂ ಆಗಿಬಿಟ್ಟಿತು.

ಸ್ನಾಯು ಸಂಕುಚಿಸುವುದು ಎಟಿಪಿ ಎಂಬ ರಾಸಾಯನಿಕದ ಶಕ್ತಿಯಿಂದ. ಬಿರುಸಿನ ಕೆಲಸಕ್ಕೆ ಇಳಿದರೆ, ಸ್ನಾಯುವಿನಲ್ಲಿ ಸಿದ್ಧವಿರುವ ಎಟಿಪಿ ಎರಡು ಮೂರು ಸೆಕೆಂಡಿಗೆ ಮಾತ್ರ ಸಾಕು. ಹಿಡಿದದ್ದನ್ನು ಬಿಡಲಿಕ್ಕೂ ಅದೇ ಬೇಕು. ಅದು ಪೂರ್ತಿ ಬರಿದಾದರೆ ಸ್ನಾಯು ಸೆಟೆದು ನಿಲ್ಲುತ್ತದೆ. ಹೆಣ ಸೆಟೆಯುವುದು ಹೀಗೆ.

ದೇಹ ಈ ಶಕ್ತಿಯನ್ನು ಕ್ಷಣಕ್ಷಣವೂ ಹೊಸದಾಗಿ ತಯಾರಿಸುತ್ತಲೇ ಇರುತ್ತದೆ ಎಂಬ ವಾಕ್ಯವೂ ನಡುವೆ ಇತ್ತು. ಆದರೆ ಅದರಲ್ಲಿ ಅಚ್ಚಿನ ತಪ್ಪಿರಲಿಲ್ಲವಾದ್ದರಿಂದ ಅವರ ಕಣ್ಣು ಅಲ್ಲಿ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಸೆರಗು ಸಿಕ್ಕಿಸಿ ನಿಂತಳು. ಲಾಂಡ್ರಿಯಲ್ಲಿ ದಿನವಿಡೀ ಒದ್ದೆ ಹೊದಿಕೆಗಳನ್ನು ಹಿಂಡುವವಳು. ರಜೆಯ ದಿನವೂ ಕೈ ಸುಮ್ಮನಿರದು.

"ರೀ, ಕಪಾಟು ಮಹಡಿಗೆ ಏರಿಸೋಣ ಬನ್ನಿ."

"ಎಷ್ಟು ಮೆಟ್ಟಿಲಿದೆ?"

"ಹದಿನೆಂಟು. ದಿನಾ ಹತ್ತಿ ಇಳೀತೀರಲ್ಲ!"

"ನನ್ನ ಹತ್ರ ಮೂರು ಸೆಕೆಂಡಿಗಾಗೋಷ್ಟು ಮಾತ್ರ ಇದೆ ಕಣೇ."

"ಏನು?"

"ಶಕ್ತಿ."

"ಅಷ್ಟೊಂದಿತ್ತಾ? ಮದುವೆಯಾದಾಗಿಂದ ಗುಟ್ಟಾಗೇ ಇಟ್ಟಿದ್ರಲ್ಲ!"

ಕಪಾಟಿನ ಕೆಳತುದಿಯನ್ನು ಅವಳೇ ಹಿಡಿದಳು. ಅವರು ಮೇಲ್ತುದಿ ಹಿಡಿದು ಹಿಮ್ಮುಖವಾಗಿ ಹತ್ತತೊಡಗಿದರು. ಮೂರನೇ ಮೆಟ್ಟಿಲಿಗೇ ಮೂರು ಸೆಕೆಂಡು ಮುಗಿದಿತ್ತು. ಇನ್ನು ಯಾವ ಗಳಿಗೆಯಲ್ಲಾದರೂ ತೋಳು ಕೈಕೊಡಬಹುದು. ಕೈಕೊಟ್ಟರೆ ಈ ಮರದ ಪರ್ವತ ನೇರವಾಗಿ ಅವಳ ಎದೆಯ ಮೇಲೆ. ಅವರಿಗೆ ಕಾಣುತ್ತಿದ್ದದ್ದು ಅವಳ ಬೈತಲೆ, ಹಣೆಯ ಬೆವರು, ಅಷ್ಟೇ. ಬೈತಲೆಯ ಪಕ್ಕದ ನರೆಯನ್ನು ಅವರು ಈ ಮೊದಲು ನೋಡಿರಲೇ ಇಲ್ಲ.

ಹನ್ನೊಂದನೇ ಮೆಟ್ಟಿಲಲ್ಲಿ ಅವಳ ಕಾಲು ಜಾರಿತು.

ಕಪಾಟು ಒಂದು ಗೇಣು ಕೆಳಗೆ ಸರಿಯಿತು. ಅವರು ಕಣ್ಣು ಮುಚ್ಚಿ ಹಿಡಿದರು. ಹಲ್ಲಿನಿಂದ, ಹೊಟ್ಟೆಯಿಂದ, ಹೆಬ್ಬೆಟ್ಟಿನಿಂದ ಹಿಡಿದರು. ಯಾವ ಪಾಠದಲ್ಲೂ ಇರದಷ್ಟು ಹೊತ್ತು ಹಿಡಿದರು.

"ಅಯ್ಯೋ, ಹತ್ತಿ ಮೇಲೆ! ನಾನು ನೆಟ್ಟಗಿದೀನಿ," ಕೆಳಗಿನಿಂದ ದನಿ ಬಂತು.

ಕಪಾಟು ಮಹಡಿಯ ಬಾಗಿಲಿಗೆ ತಲುಪಿತು. ಬಲಗೈ ಬಿಟ್ಟಿತು. ಎಡಗೈ ಬಿಡಲಿಲ್ಲ. ಐದೂ ಬೆರಳು ಕಪಾಟಿನ ಅಂಚಿಗೆ ಕೀಲಿಸಿದಂತೆ ಕೂತಿದ್ದವು.

"ಬಿಡಿ, ಬಂತು."

"ಬಿಡೋಕಾಗ್ತಿಲ್ಲ." ಅವರ ಮುಖ ಬಿಳಿಚಿತು. "ಬರಿದಾಯ್ತು ಕಣೇ. ಸೆಟೆಯೋದು ಎಡಗೈಯಿಂದ್ಲೇ ಶುರು ಅಂತ ಕಾಣುತ್ತೆ. ಹತ್ರ ಬಾ. ಹೋಗೋ ಮುಂಚೆ ಒಂದು ಮಾತು ಹೇಳ್ಬೇಕು."

ಅವಳು ಹತ್ತಿರ ಬಂದು ಆ ಕೈ ಹಿಡಿದಳು.

"ಕೆಲಸ ಬಂದಾಗೆಲ್ಲ ಹೇಳ್ತೀನಲ್ಲ, ಆ ಬೆನ್ನುನೋವು ನನಗಿಲ್ಲ. ಎಂಟು ವರ್ಷದಿಂದ ಇಲ್ಲ."

ಅವಳು ಅಂಗೈಯ ಬುಡವನ್ನು ಒತ್ತಿದಳು. ಹೆಬ್ಬೆರಳು ಮೆಲ್ಲಗೆ ಬಿಟ್ಟುಕೊಂಡಿತು. (ಲಾಂಡ್ರಿಯ ಹೆಂಗಸರು ದಿನಾ ಸಂಜೆ ಹೀಗೆಯೇ ಹಿಂಡಿ ಹಿಂಡಿ ಹಿಡಿದುಕೊಂಡ ಕೈಯನ್ನು ಒಬ್ಬರಿಗೊಬ್ಬರು ಒತ್ತಿ ಬಿಡಿಸುತ್ತಾರೆ. ಇದನ್ನು ಅವಳು ಗಂಡನಿಗೆ ಎಂದೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.)

"ಸತ್ಯ ಹೇಳಿದ್ದಕ್ಕೆ ಬಿಡ್ತು!" ಅಲ್ಪವಿರಾಮರು ಉದ್ಗರಿಸಿದರು.

"ಹೌದು ನೋಡಿ. ಇನ್ನೂ ನಾಲ್ಕು ಬೆರಳಿದೆ. ಹೇಳಿ."

"ನಿಮ್ಮಕ್ಕ ಕೊಟ್ಟ ಹೂದಾನಿ ಒಡೆದಿದ್ದು ಬೆಕ್ಕಲ್ಲ."

"ಬೆಕ್ಕನ್ನ ಪಕ್ಕದ ಮನೆಗೆ ಕೊಟ್ಟುಬಿಟ್ವಲ್ರೀ!" ಎನ್ನುತ್ತಾ ಅವಳು ಸ್ವಲ್ಪ ಜೋರಾಗಿಯೇ ಒತ್ತಿದಳು. ತೋರುಬೆರಳು ಬಿಟ್ಟಿತು.

"ನೀನು ಹಾಡುವಾಗ ನಾನು ಕಿವಿಗೆ ಹತ್ತಿ ಇಟ್ಕೋತೀನಿ."

ನಡುಬೆರಳು ಬಿಡಲು ಬಹಳ ಹೊತ್ತು ಹಿಡಿಯಿತು. ಮುಂದಿನದಕ್ಕೆ ಅವರು ತಡವರಿಸಿದರು.

"ನಿನ್ನ ಕಾಲು ಜಾರಿದಾಗ... ಹೆದರಿಬಿಟ್ಟೆ. ನನ್ನ ಜೀವಕ್ಕಲ್ಲ."

ಅವಳ ಕೈ ನಿಂತಿತು. ಅವಳು ಒತ್ತಲೇ ಇಲ್ಲ. ಉಂಗುರದ ಬೆರಳು ತಾನಾಗಿಯೇ ಸಡಿಲಗೊಂಡಿತು.

ಕಿರುಬೆರಳೊಂದು ಉಳಿಯಿತು.

"ಇನ್ನೇನೂ ಇಲ್ಲ ಕಣೇ, ಆಣೆ."

"ಬೆರಳು ಇದೆ ಅಂತಿದೆಯಲ್ಲ."

"ಸತ್ಯವಾಗ್ಲೂ ಇಲ್ಲ!"

ಅವಳು ತನ್ನ ಕೈ ಹಿಂತೆಗೆದುಕೊಂಡು, ಸೆರಗಿನಿಂದ ಮುಖ ಒರೆಸಿ, ಕಪಾಟಿಗೆ ಒರಗಿ ಮೆಟ್ಟಿಲ ಮೇಲೆ ಆರಾಮವಾಗಿ ಕೂತಳು.

"ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ನನಗೆ ಇವತ್ತು ರಜ."