ನನ್ನ ಕಾರಿಗೆ ಸುಳಿ ನೋಡಿದ್ದು

ಯಾರಿಗೆ ಯಾವುದರಿಂದ ನಾಚಿಕೆಯಾಗುತ್ತದೆ ಎಂದು ಹೇಳುವುದು ಕಷ್ಟ. ಮಗ ಫೇಲಾದರೂ ನಾಚದವರು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂರಿಸಿದರೆ ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ. ನನ್ನ ಯಜಮಾನರು ಗೊರಕೆ ಹೊಡೆಯಲು ನಾಚುವುದಿಲ್ಲ. ತೂತುಬಿದ್ದ ಬನಿಯನ್ನಿನಲ್ಲಿ ಬೀದಿಗೆ ನಿಂತು ಹಾಲು ಹಾಕಿಸಿಕೊಳ್ಳಲು ನಾಚುವುದಿಲ್ಲ. ಅವರು ನಾಚುವುದು ನನ್ನ ಕಾರಿಗೆ. ನಾನು ನಾಚುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬುದ್ಧಿ ಹೇಳಲು ಬರಬಾರದು.

ಕಾರು ಜಪಾನಿನ ಒಂದು ಕಂಪನಿಯದು. ಯಾವ ಕಂಪನಿ ಎಂದು ಬಾಯಿ ಬಿಡುವುದಿಲ್ಲ. ನಮ್ಮಜ್ಜಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಓಟಿನ ಪಟ್ಟಿಯವರು ಬಂದು ಕೇಳಿದರೆ, "ಅದೇ ಕಣಪ್ಪಾ, ಶಿವನ ತಲೆ ಮೇಲಿರ್ತಾನಲ್ಲ, ಅವನು" ಎಂದು ಆಕಾಶಕ್ಕೆ ಕೈ ತೋರಿಸುತ್ತಿದ್ದಳು. ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದಂತೆ. ನನ್ನ ಯಜಮಾನರ ಹೆಸರು ರುದ್ರೇಶ. ಅದನ್ನು ನಾನು ಅಡುಗೆಮನೆಯಿಂದ ಗೇಟಿನವರೆಗೆ ಕೇಳುವಂತೆ ಕೂಗುತ್ತೇನೆ, ಅವರ ಆಯಸ್ಸಿಗೇನೂ ಆಗಿಲ್ಲ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಆದರೆ ಕಾರಿನ ವಿಷಯದಲ್ಲಿ ನಾನು ಅಜ್ಜಿಯ ಮೊಮ್ಮಗಳೇ. ನಿಮ್ಮ ಬೀದಿಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಯಾವ ಕಂಪನಿಯ ಕಾರಿಗೆ ಬೀಳುತ್ತದೋ ಅದೇ ಎಂದುಕೊಳ್ಳಿ.

ಆ ಕಂಪನಿಯ ಚರಿತ್ರೆಯನ್ನು ನಾನು ಓದಿಕೊಂಡಿದ್ದೇನೆ. ಮೊದಲು ಅವರು ಮಾಡುತ್ತಿದ್ದದ್ದು ಕಾರನ್ನಲ್ಲ, ಬಟ್ಟೆ ನೇಯುವ ಮಗ್ಗವನ್ನು! ಯುದ್ಧ ಮುಗಿದು, ದೇಶ ಮಣ್ಣುಪಾಲಾಗಿ, ಹತ್ತಿ ವ್ಯಾಪಾರ ಕೆಟ್ಟು ಮಗ್ಗ ಕೇಳುವವರೇ ಇಲ್ಲದಾಗ ಸೈಕಲ್ಲಿಗೊಂದು ಪುಟ್ಟ ಇಂಜಿನ್ ಕಟ್ಟಿದರಂತೆ. ಅದು ಓಡಿತು. ಆಮೇಲೆ ಮೋಟಾರ್ ಸೈಕಲ್, ಆಮೇಲೆ ಬೆಂಕಿಪೊಟ್ಟಣದಂಥ ಕಾರು. ಆ ಊರಿನ ಓಣಿಗಳು ಇಕ್ಕಟ್ಟು, ಜನರ ಜೇಬು ತೆಳು, ಪೆಟ್ರೋಲು ತುಟ್ಟಿ. ಆದ್ದರಿಂದ ಹಗುರಾಗಿ, ಚುರುಕಾಗಿ, ಕಡಿಮೆ ಕುಡಿಯುವ ಹಾಗೆ ಮಾಡಿದರು. ಈ ಮೂರು ಗುಣ ಗಂಡಸರಲ್ಲಿ ಹುಡುಕಿದರೂ ಸಿಗುವುದಿಲ್ಲ. ನಮ್ಮ ದೇಶಕ್ಕೆ ಅದು ಬಂದ ಕಾಲದಲ್ಲಿ ನಾನು ಕಡೂರಿನಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದೆ. ಅಲ್ಲಿಯವರೆಗೆ ಕಾರೆಂದರೆ ಅಮಲ್ದಾರರದು, ಡಾಕ್ಟರದು, ಮಂಡಿ ಸಾಹುಕಾರರದು. ಆಮೇಲೆ ನಮ್ಮ ಡ್ರಾಯಿಂಗ್ ಮೇಸ್ಟ್ರು ಕೂಡ ಒಂದನ್ನು ತಂದರು. ಮೇಸ್ಟ್ರು ಕಾರಿನಿಂದ ಇಳಿಯುವುದನ್ನು ನೋಡಲು ಬೀದಿಯೇ ಸೇರಿತ್ತು.

ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು. ಮನೆ ತರೀಕೆರೆಯಲ್ಲಿ, ಶಾಲೆ ಅಜ್ಜಂಪುರದಲ್ಲಿ. ವರ್ಷಗಟ್ಟಲೆ ಬಸ್ಸಿಗೆ ಕಾದು, ಈರುಳ್ಳಿ ಮೂಟೆಯ ಮೇಲೆ ಕೂತು ಹೋಗಿ ಬಂದವಳು. ಬಸ್ಸು ತಪ್ಪಿದರೆ ಯಜಮಾನರಿಗೆ ಫೋನು ಮಾಡಬೇಕು, ಅವರು ಸಿಮೆಂಟ್ ಅಂಗಡಿ ಬಿಟ್ಟು ಸ್ಕೂಟರಿನಲ್ಲಿ ಬರಬೇಕು, ದಾರಿಯುದ್ದಕ್ಕೂ ನನಗೆ ಬೈಬೇಕು. ತಲೆಕೂದಲು ನೆರೆಯುವ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಕಲಿತದ್ದು ತವರೂರು ಕಡೂರಿನಲ್ಲಿ, ಕೊಬ್ಬರಿ ಲಾರಿಗಳ ನಡುವೆ. ಒಂದು ದಿನ ಬಸ್ ಸ್ಟ್ಯಾಂಡ್ ಎದುರು ಗಾಡಿ ಆಫಾಗಿ, ಹಿಂದೆ ಲಾರಿ ಸಾಲು ನಿಂತು, ಒಬ್ಬ ಡ್ರೈವರ್ ಇಳಿದು ಬಂದು ಕೈ ಮುಗಿದ. "ಅಮ್ಮಾ, ಮುಂದಕ್ಕಾದ್ರೂ ಹೋಗಿ, ಹಿಂದಕ್ಕಾದ್ರೂ ಬನ್ನಿ, ನಾವೂ ಮನೆಗೋಗ್ಬೇಕು" ಎಂದ. ನಾನು ಅಳಲಿಲ್ಲ. ಫಸ್ಟ್ ಗೇರು ಹಾಕಿದೆ ಎಂದುಕೊಂಡು ಥರ್ಡ್ ಹಾಕಿದ್ದೆ, ಅಷ್ಟೆ.

ಆಮೇಲೆ ಕಾರು ಬಂತು, ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ. ಅದರ ಸುಖವನ್ನು ಓಡಿಸಿದವರೇ ಹೇಳಬೇಕು. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಕಡೆಗೆ ರಸ್ತೆ ಏರತೊಡಗುತ್ತದಲ್ಲ, ಅಲ್ಲಿ ಸೆಕೆಂಡ್ ಗೇರಿಗೆ ಇಳಿಸಿ ಸ್ವಲ್ಪ ಒತ್ತಿದರೆ ಅದು ಹ್ಞೂಂಕರಿಸಿಕೊಂಡು ಏರುತ್ತದೆ. ತಿರುವಿನಲ್ಲಿ ನಾನು ನೋಡಿದ ಕಡೆಗೇ ತಿರುಗುತ್ತದೆ. ನನ್ನ ಸಂಸಾರದಲ್ಲಿ ಹೇಳಿದ ಮಾತನ್ನು ಒಂದೇ ಸಲಕ್ಕೆ ಕೇಳುವುದು ಅದೊಂದೇ. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬತ್ತೀಯ ಎಂದು ಕೇಳದಿರುವುದೂ ಅದೊಂದೇ. ಆ ಕಾರಿನಲ್ಲಿ ಕೂತರೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಟೀಚರೂ ಅಲ್ಲ. ಸುಮ್ಮನೆ ಖುಷಿಯಾಗಿರುತ್ತೇನೆ.

ಈ ಖುಷಿಗೆ ಯಜಮಾನರು ಕಲ್ಲು ಹಾಕಲು ಹೊರಟರು. ಅವರಿಗೆ ದೊಡ್ಡ ಗಾಡಿ ಬೇಕಂತೆ. ಏಳು ಜನ ಕೂರುವಂಥದ್ದು, ಹತ್ತಲು ಮೆಟ್ಟಿಲಿರುವಂಥದ್ದು. ನಮ್ಮ ಮನೆಯಲ್ಲಿ ಇರುವುದು ಇಬ್ಬರು. ಉಳಿದ ಐದು ಸೀಟಿನಲ್ಲಿ ಸಿಮೆಂಟ್ ಮೂಟೆ ಕೂರಿಸುತ್ತೀರಾ ಎಂದು ಕೇಳಿದೆ.

"ತಮಾಷೆ ಅಲ್ಲ ಕಣೇ. ಮನುಷ್ಯನಿಗೊಂದು ತೂಕ ಬೇಡ್ವಾ? ಮೊನ್ನೆ ಮಠದ ಹತ್ರ ನಿನ್ ಗಾಡಿಯಿಂದ ಇಳಿದ್ರೆ, ಅಲ್ಲಿ ನಿಂತಿದ್ದೋರು ನನ್ನನ್ನ ನೋಡಿ 'ಸಾಹುಕಾರ್ರು ಇನ್ನೂ ಬಂದಿಲ್ವಾ' ಅಂದ್ರು. ನನ್ನನ್ನೇ ಕೇಳಿದ್ರು ಕಣೇ!"

"ತೂಕಕ್ಕೇನು ಕಮ್ಮಿ ನಿಮಗೆ? ಇಳಿದ ತಕ್ಷಣ ಗಾಡಿ ಗೇಣುದ್ದ ಮೇಲೆದ್ದಿರುತ್ತೆ."

ಅವರು ಮಾತು ನಿಲ್ಲಿಸಿದರು. ಗಂಡಸರು ಮಾತು ನಿಲ್ಲಿಸಿದರೆ ಹಿಂದೇನೋ ನಡೆಯುತ್ತಿದೆ ಎಂದೇ ಅರ್ಥ. ಭಾನುವಾರ ಬೆಳಗ್ಗೆ ನೋಡಿದರೆ ಬಾಗಿಲಲ್ಲಿ ದೊಡ್ಡಮಾವ. ಇವರು ಯಜಮಾನರ ದೊಡ್ಡಪ್ಪ, ಅಜ್ಜಂಪುರದ ಪಕ್ಕದ ಹಳ್ಳಿಯವರು. ಅಮೃತಮಹಲ್ ತಳಿಯ ಎತ್ತುಗಳನ್ನು ಸಾಕಿ, ಕಟ್ಟಿ, ಮಾರಿ ಬಾಳಿದವರು. ಈಗಲೂ ಸುತ್ತಿನ ಊರಿನಲ್ಲಿ ಯಾರಾದರೂ ಎತ್ತು ಕೊಳ್ಳುವಾಗ ಇವರನ್ನು ಕರೆಸಿ ಹಲ್ಲು, ಗೊರಸು, ಸುಳಿ ತೋರಿಸುತ್ತಾರೆ. ಸುಳಿ ಎಂದರೆ ದನದ ಮೈಮೇಲೆ ಕೂದಲು ಸುತ್ತಿಕೊಂಡು ಮೂಡುವ ಗುರುತು. ಒಳ್ಳೇ ಸುಳಿ ಇದ್ದರೆ ಮನೆ ಉದ್ಧಾರ, ಕೆಟ್ಟ ಸುಳಿ ಇದ್ದರೆ ಪುಕ್ಕಟೆ ಕೊಟ್ಟರೂ ಯಾರೂ ಹೊಡೆದುಕೊಂಡು ಹೋಗುವುದಿಲ್ಲ. ನಮ್ಮ ಮನೆತನದಲ್ಲಿ ದೊಡ್ಡಮಾವನ ಮಾತಿಗೆ ಅಪೀಲಿಲ್ಲ. ಅದಕ್ಕೇ ಯಜಮಾನರು ಅವರನ್ನು ಕರೆಸಿದ್ದು. "ದೊಡ್ಡಪ್ಪ ಇಟ್ಕೋ ಅಂದ್ರೆ ಇಟ್ಕೋ, ಬಿಡು ಅಂದ್ರೆ ಬಿಡ್ಬೇಕು" ಎಂದರು. ಆಯ್ತು ನೋಡೇಬಿಡೋಣ ಎಂದು ನಾನೂ ಸೆರಗು ಸಿಕ್ಕಿಸಿದೆ.

ದೊಡ್ಡಮಾವ ಟವಲನ್ನು ಹೆಗಲಿಗೆ ಎಸೆದುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದರು. ಟಯರನ್ನು ಕಾಲಿನಿಂದ ಒತ್ತಿ "ಗೊರಸು ಪರವಾಗಿಲ್ಲ" ಎಂದರು. ಹೆಡ್‌ಲೈಟನ್ನು ಬಗ್ಗಿ ನೋಡಿ "ಕಣ್ಣು ಸ್ವಲ್ಪ ಮಂಜಾಗೈತೆ" ಎಂದರು. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದವರು ಥಟ್ಟನೆ ನಿಂತುಬಿಟ್ಟರು.

"ಇದೇನವ್ವಾ ಇದು, ಹಣೆ ಮ್ಯಾಲೆ ಸುಳಿ ಐತಲ್ಲ!"

ಬಿಸಿಲಿಗೆ ನೋಡಿದೆ. ಹೌದು, ಸುತ್ತು ಸುತ್ತಾಗಿ ಒಂದು ಗೆರೆಯ ಬಳೆ ಹೊಳೆಯುತ್ತಿತ್ತು. ಅದು ನನ್ನದೇ ಕೈಕೆಲಸ. ಕೆಮ್ಮಣ್ಣುಗುಂಡಿಗೆ ಹೋಗಿ ಬಂದಾಗ ಹಿಡಿದ ಕೆಂಪುಮಣ್ಣು ಬಿಡಲಿಲ್ಲವೆಂದು ಸಬೀನಾ ಹಾಕಿ, ತೆಂಗಿನ ನಾರಿನಲ್ಲಿ, ಪಾತ್ರೆ ತಿಕ್ಕುವ ಹಾಗೆ ಗುಂಡಗೆ ತಿಕ್ಕಿದ್ದೆ. ಬಾಂಡಲಿಗೆ ನಡೆಯುವುದು ಬಾನೆಟ್ಟಿಗೆ ನಡೆಯುವುದಿಲ್ಲವೆಂದು ಯಾರು ಕಂಡಿದ್ದರು?

"ಹಣೇಲಿ ಇಂಥ ಸುಳಿ ಇದ್ರೆ ಯಜಮಾನನಿಗೆ ಆಗ್ಬರಲ್ಲ" ಎಂದು ದೊಡ್ಡಮಾವ ತೀರ್ಪು ಕೊಟ್ಟರು.

ಯಜಮಾನರ ಮುಖ ನೋಡಬೇಕಿತ್ತು. ಅವರ ಆಯಸ್ಸಿಗೆ ಕುತ್ತೆಂದು ಅವರ ದೊಡ್ಡಪ್ಪ ಹೇಳುತ್ತಿದ್ದರೆ ಇವರು ಹಬ್ಬದ ಹೋಳಿಗೆ ಕಂಡವರಂತೆ ನಗುತ್ತಿದ್ದರು. "ಕೇಳಿದ್ಯೇನೇ? ಕೇಳಿದ್ಯಾ? ನಾಳೇನೇ ಶೋರೂಮಿಗೆ ಹೋಗೋಣ."

ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಆರ್.ಸಿ. ಕಾರ್ಡನ್ನು ತಂದು ದೊಡ್ಡಮಾವನ ಮುಂದೆ ಹಿಡಿದೆ. "ನೋಡಿ ದೊಡ್ಡಮಾವ, ಖಾತೆ ನನ್ನ ಹೆಸರಲ್ಲಿದೆ. ಇವರು ನನಗೆ ಯಜಮಾನರಿರಬಹುದು, ಗಾಡಿಗಲ್ಲ. ಗಾಡಿಗೆ ಯಜಮಾನ ನಾನೇ. ನನಗೆ ಕೇಡಾದ್ರೆ ನಾನು ನೋಡ್ಕೋತೀನಿ. ಮೇಲಾಗಿ, ನೀವು ಯಾವತ್ತಾದ್ರೂ ಎತ್ತನ್ನ ನೊಗಕ್ಕೆ ಕಟ್ಟಿ ನೋಡದೆ ಬೇಡ ಅಂದಿದ್ದೀರಾ?"

ಸೊಸೆಯಾದವಳು ಹಾಗೆ ಮಾತಾಡಬಾರದು, ನಿಜ. ಆದರೆ ದೊಡ್ಡಮಾವ ಹುಬ್ಬೇರಿಸಿದರು. "ಮಾತು ಸರಿ ಐತೆ ಕಣೋ ರುದ್ರೇಶ. ಹೂಡಿ ನೋಡ್ದೆ ಹೇಳ್ಬಾರ್ದು. ಹತ್ತು" ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಯಜಮಾನರು ಹಿಂದೆ, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತರು.

ನಾನು ಲಿಂಗದಹಳ್ಳಿ ರಸ್ತೆಗೆ ಬಿಟ್ಟೆ. ಊರು ದಾಟುವವರೆಗೆ ದೊಡ್ಡಮಾವ ಎರಡು ಕೈಯಲ್ಲೂ ಸೀಟು ಹಿಡಿದಿದ್ದರು. ಮೊದಲ ತಿರುವಿನಲ್ಲಿ ಒಂದು ಕೈ ಬಿಟ್ಟರು. ಎದುರಿಗೆ ಎಮ್ಮೆ ಹಿಂಡು ಅಡ್ಡ ಬಂತು. ನಾನು ಬ್ರೇಕು ಒತ್ತಿ, ಬದಿಗೆ ಸರಿಸಿ, ಎಮ್ಮೆಗೂ ಮೋರಿಗೂ ನಡುವೆ ಇದ್ದ ಜಾಗದಲ್ಲಿ ನುಸುಳಿದೆ. "ಅಲೆಲೆಲೆ!" ಎಂದರು ದೊಡ್ಡಮಾವ. ಇನ್ನೊಂದು ಕೈಯನ್ನೂ ಬಿಟ್ಟರು. ರಸ್ತೆ ಖಾಲಿ ಸಿಕ್ಕಿದ್ದೇ ತಡ, ನಾಲಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡುತ್ತಾ "ಹೊಡಿ ಮಗಾ, ಹೊಡಿ! ಹೋಯ್!" ಎಂದು ಡ್ಯಾಶ್‌ಬೋರ್ಡನ್ನು ತಟ್ಟತೊಡಗಿದರು. ಹಿಂದಿನಿಂದ "ನಿಧಾನ ಕಣೇ, ನಿಧಾನ" ಎಂಬ ಕ್ಷೀಣ ಧ್ವನಿ ಬರುತ್ತಿತ್ತು. ಕೇಳುವವರು ಯಾರು?

ಲಿಂಗದಹಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ದೊಡ್ಡಮಾವ ಕಾರಿನ ಬೆನ್ನು ಸವರಿದರು. "ಇದು ನಮ್ ಅಮೃತಮಹಲ್ ಬುದ್ಧೀದು ಕಣವ್ವಾ. ಮೈ ಸಣ್ಣ, ಕಾಲು ಚುರುಕು, ಹೇಳೋಕ್ ಮುಂಚೆ ಕೇಳ್ತದೆ. ಲೇ ರುದ್ರೇಶ, ಮೈ ನೋಡಿ ಎತ್ತು ತರೋನು ಹುಲ್ಲು ಹಾಕಿ ಸಾಯ್ತಾನೆ ಕಣೋ."

ನನಗೆ ಎದೆಯುಬ್ಬಿತು. ಅಷ್ಟರಲ್ಲಿ ದೊಡ್ಡಮಾವ ನನ್ನ ಬಲಗೈಯನ್ನು ಹಿಡಿದು, ಅದರ ಮೇಲೆ ಟವಲು ಹೊದಿಸಿ, ಒಳಗೆ ನನ್ನ ಬೆರಳುಗಳನ್ನು ಮೆಲ್ಲಗೆ ಒತ್ತಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಹಿರಿಯರು, ಪಾಪ, ಬಾಯಿ ಬಿಟ್ಟು ಆಶೀರ್ವಾದ ಮಾಡಲು ಸಂಕೋಚ ಎಂದುಕೊಂಡೆ. ನಾನೂ ಸುಮ್ಮನಿರಲಿಲ್ಲ, ಕೃತಜ್ಞತೆಯಿಂದ ಅವರ ಕೈಯನ್ನು ಪೂರ್ತಿ ಹಿಡಿದು ಗಟ್ಟಿಯಾಗಿ ಅದುಮಿದೆ.

ಯಜಮಾನರ ಮೂಗಿಗೆ ಟೀ ಹತ್ತಿತು. "ಲೇ, ಏನ್ ಮಾಡ್ದೇ? ಮಾರ್ಬಿಟ್ಯಲ್ಲೇ!"

"ಏನು ಮಾರಿದೆ?"

"ಗಾಡೀನ! ದನದ ವ್ಯಾಪಾರ ಮಾಡೋದು ಹಂಗೇ ಕಣೇ, ಟವಲಿನ ಒಳಗೆ ಬೆರಳು ಹಿಡ್ದು! ಅವರು ಬೆಲೆ ಹೇಳಿದ್ರು, ನೀನು ಕೈ ಹಿಡ್ದು ಒಪ್ಕೊಂಡೆ!"

ನಾನು ಕಡೂರಿನ ಸ್ಟೇಷನರಿ ಅಂಗಡಿಯವರ ಮಗಳು. ಪೆನ್ಸಿಲನ್ನು ಟವಲಿನೊಳಗೆ ಯಾರೂ ಮಾರುವುದಿಲ್ಲ. ದೊಡ್ಡಮಾವನನ್ನು ನೋಡಿದೆ. ಅವರು ಶಾಂತವಾಗಿ ಟವಲನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. "ಕೈ ಹಿಡ್ದ ಮ್ಯಾಲೆ ಮಾತು ಮುಗೀತವ್ವ. ಇನ್ನು ಗಾಡಿ ನಂದು."

"ಸುಳಿ?" ಎಂದೆ, ಮುಳುಗುವವಳು ಹುಲ್ಲುಕಡ್ಡಿ ಹಿಡಿದ ಹಾಗೆ.

"ನನ್ ವಯಸ್ಸಿಗೆ ಇನ್ಯಾವ ಸುಳಿ ಏನ್ ಮಾಡ್ತದೆ ಬಿಡು."

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಯಜಮಾನರು ಏನೋ ಗುನುಗುತ್ತಿದ್ದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಕಾರು ಹೋದರೆ ಮತ್ತೆ ಈರುಳ್ಳಿ ಮೂಟೆ, ಮತ್ತೆ ಸ್ಕೂಟರು, ಮತ್ತೆ ಎಲ್ಲಿಗೆ ಯಾಕೆ ಎಷ್ಟೊತ್ತಿಗೆ. ವಾದದಲ್ಲಿ ಗೆದ್ದು ವಸ್ತುವನ್ನೇ ಕಳೆದುಕೊಂಡ ಹೆಂಗಸು ಭೂಮಿ ಮೇಲೆ ನಾನೊಬ್ಬಳೇ ಇರಬೇಕು ಎನಿಸಿತು.

ಗೇಟಿನ ಮುಂದೆ ಇಳಿದ ದೊಡ್ಡಮಾವ ಅಂಗೈ ಚಾಚಿದರು. "ಕೀ ಕೊಡವ್ವ."

ಆ ಗಳಿಗೆಯಲ್ಲಿ ನನಗೆ ನಮ್ಮತ್ತೆ ನೆನಪಾದರು. ಮನೆಯ ಹಸು ಮಾರಿದ ದಿನ, ಕೊಂಡವನು ಹಗ್ಗ ಸಮೇತ ಹೊಡೆದುಕೊಂಡು ಹೊರಟರೆ ಅತ್ತೆ ಬೀದಿಯವರೆಗೂ ಓಡಿ ಹಗ್ಗ ಬಿಚ್ಚಿಸಿಕೊಂಡು ಬಂದಿದ್ದರು. ನಾನು ಕೀಯನ್ನು ಸೊಂಟಕ್ಕೆ ಸಿಕ್ಕಿಸಿದೆ.

"ಕೊಡಲ್ಲ ದೊಡ್ಡಮಾವ. ದನ ಮಾರಿದೋರು ಹಗ್ಗ ಕೊಡ್ತಾರಾ? ಹಗ್ಗ ಕೊಟ್ರೆ ಮನೆ ಲಕ್ಷ್ಮಿ ಜತೆಗೇ ಹೊರಟೋಗ್ತಾಳಂತೆ. ನಿಮ್ ಹಗ್ಗ ನೀವು ತನ್ನಿ, ಹೊಡ್ಕೊಂಡೋಗಿ."

ಯಜಮಾನರು "ಲೇ, ಲೇ" ಎಂದರು. ದೊಡ್ಡಮಾವನ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದರು: "ಸರಿ, ಹಗ್ಗ ನಿನ್ ಕೈಲೇ ಇರ್ಲಿ. ನನಗೂ ಹೊಡೆಯೋಕ್ ಎಲ್ಲಿ ಬತ್ತದೆ. ಆದ್ರೆ ಹಗ್ಗ ಹಿಡ್ದೋರೇ ಮೇಯಿಸ್ಬೇಕು, ನೀರ್ ಕುಡಿಸ್ಬೇಕು, ಮೈ ತೊಳೀಬೇಕು. ಒಪ್ಗೇನಾ?"

"ಒಪ್ಪಿಗೆ" ಎಂದೆ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು.

ಹೀಗಾಗಿ ಕಾರು ದೊಡ್ಡಮಾವನದು, ಆದರೆ ನಮ್ಮ ಅಂಗಳದಲ್ಲೇ ನಿಂತಿದೆ. ಬೆರಳಲ್ಲಿ ಹೇಳಿದ ಬೆಲೆ ಎಷ್ಟೆಂದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ. ಅಂಗಳದಲ್ಲಿ ಇನ್ನೊಂದಕ್ಕೆ ಜಾಗವಿಲ್ಲದ್ದರಿಂದ ಏಳು ಸೀಟಿನ ಗಾಡಿ ಶೋರೂಮಿನ ಗಾಜಿನೊಳಗೇ ಇದೆ. ಯಜಮಾನರು ಆಗಾಗ ಹೋಗಿ ನೋಡಿಕೊಂಡು ಬರುತ್ತಾರೆ. ವಾರವಿಡೀ ನಾನು ಶಾಲೆಗೆ ಓಡಿಸುತ್ತೇನೆ. ಭಾನುವಾರ ದೊಡ್ಡಮಾವನನ್ನು ಕೂರಿಸಿಕೊಂಡು ಊರೂರಿಗೆ ಎತ್ತು ನೋಡಲು ಹೋಗುತ್ತೇನೆ. ಪೆಟ್ರೋಲು ನನ್ನದು, ಸರ್ವಿಸ್ಸು ನನ್ನದು, ತೊಳೆಯುವುದೂ ನಾನೇ. ಸಹೋದ್ಯೋಗಿಗಳು ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಯಿತು?

ಮೊನ್ನೆ ಬಂಕಿನಲ್ಲಿ ಯಾವುದೋ ಆಯಿಲ್ ಕಂಪನಿಯವನು ಕ್ಯಾಲೆಂಡರ್ ಹಂಚುತ್ತಿದ್ದ. ಓನರಿಗೆ ಮಾತ್ರವಂತೆ. "ಗಾಡಿ ಓನರ್ ಯಾರು ಮೇಡಂ?" ಎಂದ. ಪಕ್ಕದ ಸೀಟಿನಲ್ಲಿ ಎಲೆಯಡಿಕೆ ಹಾಕುತ್ತಿದ್ದ ದೊಡ್ಡಮಾವ ಗಂಭೀರವಾಗಿ ಕೈ ಚಾಚಿ ಕ್ಯಾಲೆಂಡರ್ ಇಸಿದುಕೊಂಡರು.

"ಹಂಗಾದ್ರೆ ನೀವು?" ಎಂದು ಅವನು ನನ್ನನ್ನು ನೋಡಿದ.

ಓದದ ಮಕ್ಕಳಿಗೆಲ್ಲ "ದನ ಕಾಯೋಕ್ ಹೋಗಿ" ಎಂದು ಬೈಯುತ್ತಲೇ ತಲೆ ಹಣ್ಣು ಮಾಡಿಕೊಂಡ ಟೀಚರು ನಾನು. ಆದರೂ ತಲೆ ಎತ್ತಿಯೇ ಹೇಳಿದೆ:

"ನಾನು ದನ ಕಾಯೋಳು ಕಣಪ್ಪಾ. ಫುಲ್ ಟ್ಯಾಂಕ್ ಹಾಕು."