ಕೊಬ್ಬು ಕರಗಿಸುವ ಗುಳಿಗೆಗೆ ಹೆದರಿ

ನಾನು ಹುಟ್ಟಾ ಅಂಜುಬುರುಕ. ಹಾವು, ಚೇಳು, ಹೆದ್ದಾರಿಯ ಲಾರಿಗಳಿಗೆ ಎಲ್ಲರೂ ಹೆದರುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ನಾನು ಔಷಧದ ಪೆಟ್ಟಿಗೆಯೊಳಗೆ ಮಡಚಿಟ್ಟಿರುವ ಕಾಗದಕ್ಕೂ ಹೆದರುವವನು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನಿದರೂ ಒಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತೇನೆ. ಇಂಥ ನನಗೆ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಮಾಸ್ತರ, ಕೊಲೆಸ್ಟ್ರಾಲ್ ಜಾಸ್ತಿ ಐತಿ. ದಿನಾ ಊಟ ಆದಮ್ಯಾಲೆ ಒಂದು ಗುಳಿಗಿ ತಗೋರಿ, ಸ್ವಲ್ಪ ಅಡ್ಡಾಡ್ರಿ" ಅಂದರು. "ಎಷ್ಟು ದಿನಾರೀ?" ಅಂದೆ. "ತಗೋತನ ಇರಬೇಕ್ರಿ, ಬಿಡೂಹಂಗಿಲ್ಲ" ಅಂದರು. ಕೊನೆಯೇ ಇಲ್ಲದ ಔಷಧ!

ನನ್ನ ಹೆಂಡತಿ ಗಿರಿಜೆ ಅದೇ ಗುಳಿಗೆಯನ್ನು ಆಗಲೇ ನುಂಗುತ್ತಿದ್ದಳು. ಹೋದ ವರ್ಷ ಅವಳಿಗೆ ಹೃದಯಾಘಾತವಾಗಿ ಹಾವೇರಿಗೆ ಒಯ್ದಿದ್ದೆವು. ಆಂಬ್ಯುಲೆನ್ಸಿನಲ್ಲಿ ನನ್ನ ಬೆವರು ನೋಡಿದ ನರ್ಸು ರೋಗಿ ನಾನೇ ಎಂದುಕೊಂಡು ಮೊದಲು ನನ್ನ ನಾಡಿ ಹಿಡಿದಿದ್ದಳು. ಆ ದೇವರು ದೊಡ್ಡವನು, ಗಿರಿಜೆ ಉಳಿದಳು. ಅಂದಿನಿಂದ ನಮ್ಮೂರ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಗುಳಿಗೆಯನ್ನು ಪುಟಾಣಿ ಕಾಳು ಬಾಯಿಗೆ ಹಾಕಿಕೊಂಡಂತೆ ಹಾಕಿಕೊಳ್ಳುತ್ತಿದ್ದಳು.

ನಾನು ಹಾಗಲ್ಲ, ನಾಲ್ಕು ಜನರನ್ನು ಕೇಳಬೇಕು. ರಾಣೆಬೆನ್ನೂರಿನ ನಮ್ಮ ಶಾಲೆಗೆ ಹೋಗುವ ಬಸ್ಸಿನಲ್ಲಿ ಜೊತೆಗಾರ ಮಕಾನದಾರ ಮಾಸ್ತರರನ್ನು ಕೇಳಿದೆ. "ಕೆಲವರಿಗೆ ಆ ಗುಳಿಗಿಂದ ಕಾಲು ಹಿಡಿತಾವಂತ್ರಿ. ಖಂಡಾನ ಕರಗತಾವ ಅಂತಾರ, ಖರೇನೋ ಸುಳ್ಳೋ" ಅಂದರು. ನನಗೆ 'ಸುಳ್ಳೋ' ಕೇಳಿಸಲೇ ಇಲ್ಲ. ನುಂಗಿದರೆ ಖಂಡ, ಬಿಟ್ಟರೆ ಹೃದಯ. ಎರಡಕ್ಕೂ ಹೆದರಿ ಶುಕ್ರವಾರ ಗುಳಿಗೆ ನುಂಗಿದೆ. ಅದರ ಬಾಧೆ ತಟ್ಟದಿರಲೆಂದು ಕದರಮಂಡಲಗಿ ಆಂಜನೇಯನಿಗೆ ಹರಕೆ ಹೊತ್ತು, ಶನಿವಾರ ಬರಿಗಾಲಲ್ಲಿ ಅಷ್ಟೂ ದೂರ ನಡೆದೇ ಹೋಗಿ ನಡೆದೇ ಬಂದೆ. ಅಡ್ಡಾಡಿರಿ ಎಂದ ಡಾಕ್ಟರಮ್ಮನ ಮಾತೂ ನಡೆಸಿದಂತಾಯಿತು.

ಭಾನುವಾರ ಏಳಲಾಗಲಿಲ್ಲ. ಮೀನಖಂಡ ಎರಡೂ ಕಲ್ಲು. "ಗಿರಿಜಾ, ಖಂಡ ಕರಗಾಕತ್ತಾವು! ನಾ ಹೋದೆ!" ಎಂದು ಕೂಗಿಕೊಂಡೆ. ಪಾಪ, ಎಣ್ಣೆ ತಿಕ್ಕುತ್ತ, "ನಿನ್ನೆ ನಡದದ್ದಕ್ಕ ಏನರ..." ಅಂದಳು. "ಛೇ, ಹನುಮಪ್ಪನ ಹಾದ್ಯಾಗ ನಡದ್ರ ಎಂದರ ಕಾಲು ನೋಯ್ತಾವೇನ?" ಅಂದೆ. ನಮ್ಮ ಕಡೆ ಈ ಮಾತಿಗೆ ಎದುರು ಮಾತಿಲ್ಲ. ಅವಳೂ ಗಲ್ಲ ಗಲ್ಲ ಬಡಿದುಕೊಂಡಳು. ದೇವರು ನಿರಪರಾಧಿಯಾದ ಮೇಲೆ ಉಳಿದದ್ದು ಗುಳಿಗೆ. ಅದನ್ನು ತಿಪ್ಪೆಗೆಸೆದು, ಮುಂದೆ ವಾರಗಟ್ಟಲೆ ಅದರ ದುಷ್ಟತನವನ್ನು ಮನೆಯಲ್ಲಿ ವರ್ಣಿಸಿದೆ. ಗಿರಿಜೆ ಒಂದೂ ಬಿಡದೆ ಕೇಳಿಸಿಕೊಂಡಳು.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದು ಕೂತಳು. ಆಗ ಬಂದ ಹೆದರಿಕೆಯ ಮುಂದೆ ನನ್ನ ಅದುವರೆಗಿನ ಹೆದರಿಕೆಗಳೆಲ್ಲ ಬರೀ ಆಟ. ಆಟೋದಲ್ಲಿ ಕೇಂದ್ರಕ್ಕೆ ಒಯ್ದೆ. ಡಾಕ್ಟರಮ್ಮ ಇಸಿಜಿ ತೆಗೆದು, "ಈ ಸಲ ಪಾರಾದ್ರಿ, ಎದಿಗೇನೂ ಆಗಿಲ್ಲ. ಗುಳಿಗಿ ತಗೋಳಾಕತ್ತೀರಿಲ್ಲೋ?" ಅಂದರು.

"ಇಲ್ರಿ, ಬಿಟ್ಟೇನಿ. ಇವರ ಕಾಲು ನೋಡಿ ಅಂಜಿಕಿ ಬಂತ್ರಿ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ನನ್ನ ಪಾದಯಾತ್ರೆಯ ಕಥೆ ಕೇಳಿ ಹಣೆ ಹಣೆ ಚಚ್ಚಿಕೊಂಡರು. "ಖುರ್ಚಿ ಬಿಟ್ಟು ಏಳದವರು ಒಮ್ಮಿಗೇ ಅಷ್ಟು ನಡದ್ರ ಕಾಲು ನೋಯದ ಏನು ಮಾಡತಾವ್ರೀ? ಗುಳಿಗಿಂದನೂ ಒಮ್ಮೊಮ್ಮೆ ನೋವು ಬರತೈತಿ, ಬಂದ್ರ ನಮಗ ಬಂದು ಹೇಳ್ರಿ. ನೀವ ಡಾಕ್ಟರಾಗಬ್ಯಾಡ್ರಿ. ಇವ್ರು ಗುಳಿಗಿ ಬಿಟ್ರ ಜೀವಕ್ಕ ಬರತೈತಿ."

ಮನೆಗೆ ಬಂದು ಗುಳಿಗೆ ತಗೋ ಎಂದು ಕೈಮುಗಿದು ಹೇಳಿದರೂ ಗಿರಿಜೆ ಒಪ್ಪಲಿಲ್ಲ. "ಮೊದಲ ನೀವು ನುಂಗ್ರಿ. ನಿಮಗೇನೂ ಆಗದಿದ್ರ ನಾನೂ ನುಂಗತೇನಿ" ಅಂದಳು. ಈಗ ದಿನವೂ ಊಟವಾದ ಮೇಲೆ ನಾನು ನುಂಗುತ್ತೇನೆ. ಅವಳು ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಾಳೆ. ನಾನು ಮುಖ ಕಿವುಚಿದರೆ ಅದು ಡಬ್ಬಿಗೆ ವಾಪಸ್. ಅದಕ್ಕೇ ಕಾಲು ಜುಮ್ಮೆಂದರೂ, ಎದೆ ಢವಢವ ಅಂದರೂ ನಗುತ್ತ ಕೂತಿರುತ್ತೇನೆ. "ಏನರ ಆಗಾಕತ್ತೈತೇನ್ರಿ?" ಅನ್ನುತ್ತಾಳೆ. "ಏನಿಲ್ಲ ಬಿಡ, ಭಾಳ ಆರಾಮ ಅದೇನಿ" ಅನ್ನುತ್ತೇನೆ. ಅವಳು ಗುಳಿಗೆ ಬಾಯಿಗಿಟ್ಟು ನೀರು ಕುಡಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಎದ್ದು ಹಿತ್ತಲಿಗೆ ಹೋಗಿ, ಒಬ್ಬನೇ ನಿಂತು, ಮನಸಾರೆ ಹೆದರುತ್ತೇನೆ.